ಹಸಿರು ಚಿಂದಿ ಕಟ್ಟಿದ ಕಾಯಿ

ಎಕಂಬಾ, ತಾಲೂಕು ಔರಾದ, ಜಿಲ್ಲಾ ಬೀದರ
ತಾ. 12-3-1973, ಸೋಮವಾರ, ಮುಂಜಾನೆ

ಮೂವತ್ತು ವರ್ಷಗಳಿಂದ ಈ ಮನೆಯನ್ನೂ ಈ ಹಿತ್ತಲನ್ನೂ ನನ್ನನ್ನೂ ಒಂದೇ ಕಣ್ಸನ್ನೆಯಲ್ಲಿ ಆಳಿದ ಸೌಭಾಗ್ಯವತಿ ಸುಂದರಬಾಯಿಗೆ, ನಿನ್ನ ಗಂಡ ಮಲ್ಲಿಕಾರ್ಜುನಪ್ಪನ ಅನೇಕ ಆಶೀರ್ವಾದಗಳು.

ಮೊದಲು ನಿನ್ನ ಮೊಣಕಾಲು ಹೇಗಿದೆ, ಹೇಳು. ಹೈದರಾಬಾದಿನಲ್ಲಿ ಕಟ್ಟುತ್ತಿರುವ ಆ ಮಾಳಿಗೆ ಹತ್ತಿ ಮಗ ಬಸಲಿಂಗನಿಗೆ ರೊಟ್ಟಿ ಕೊಟ್ಟು ಬರುತ್ತೀ ಎಂದು ಕೇಳಿದೆ. ಬೇಡ. ಹಸಿದವನು ಇಳಿದು ಬರಲಿ. ಮೊಮ್ಮಗನಿಗೆ ಮೇಲಿನ ಹಲ್ಲು ಬಂತೇ? ನಲ್ಲಿಯ ನೀರು ಅವನ ಹೊಟ್ಟೆಗೆ ಹಿಡಿಸಿತೇ? ಸಿಮೆಂಟು ಹೊತ್ತು ಸೊಸೆ ಶಾಂತಾಬಾಯಿಯ ಅಂಗೈಗಳು ಒಡೆದಿವೆಯಂತೆ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ. ಮಗಳೇ ಶಾಂತಾ, ಈ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳುವವಳು ನೀನೇ ಆದ್ದರಿಂದ ನಿನಗೊಂದು ಮಾತು: ನಾನು ಗಟ್ಟಿಯಾಗಿ ಬರೆದದ್ದನ್ನು ಗಟ್ಟಿಯಾಗಿಯೇ ಓದು, ನಡುವೆ ಸಾಲು ಹಾರಿಸಬೇಡ, ಮಾವನಿಗೆ ಅವಮಾನವಾದ ಜಾಗದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗಬೇಡ. ಇಲ್ಲಿ ನಾನು ಕ್ಷೇಮ. ಎರಡೂ ಎತ್ತುಗಳು ಕ್ಷೇಮ. ಎಲುಬು ಕಾಣುತ್ತವೆ, ಆದರೆ ಸರಕಾರದ ಮೇವು ಬಂದ ದಿನ ಕೊಂಬು ಆಡಿಸುವಷ್ಟು ಸೊಕ್ಕು ಉಳಿದಿದೆ. ಈ ಬರಗಾಲಕ್ಕೆ ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆಗಳಿಗೆ ಬೀಗ. ಕೆಲವರು ನಿಮ್ಮ ಹಾಗೆ ಹೈದರಾಬಾದಿಗೆ, ಕೆಲವರು ಪುಣೆಗೆ. ಎತ್ತುಗಳು ಊರ ಹೊಂಡದಲ್ಲಿ ಕುಡಿಯುತ್ತವೆ, ಜನರಿಗೆ ಬಾವಿಯಿಂದ ಮನೆಗೆರಡು ಕೊಡ. ಕುಡಿದು, ಅಡುಗೆ ಮಾಡಿ, ಉಳಿದದ್ದರಲ್ಲಿ ಮೈ ತೊಳೆದರೆ ಆ ನೀರು ನೀನು ತೋಡಿಟ್ಟ ಕಾಲುವೆ ಹಿಡಿದು ಹಿತ್ತಲಿಗೆ ಹೋಗುತ್ತದೆ. ನಾನು ಅರ್ಧ ಮೈಯಷ್ಟೇ ಒದ್ದೆ ಮಾಡಿಕೊಂಡು, ಮಿಕ್ಕ ನೀರನ್ನು ನೇರವಾಗಿ ಬದನೆ ಗಿಡಕ್ಕೆ ಸುರಿಯುತ್ತಿದ್ದೇನೆ. ಇದನ್ನು ಬೇರೆ ಯಾರೂ ನಿನಗೆ ಬರೆಯುವುದಿಲ್ಲ, ಆದ್ದರಿಂದ ನಾನೇ ಬರೆದಿದ್ದೇನೆ.

ಈಗ ಪರದೆ ಏಳಲಿ! ಹೋದ ತಿಂಗಳು ನೀನು ಬರೆಸಿದ ಕಾಗದ ಕೈಸೇರಿತು. ಹನ್ನೊಂದು ಸಾಲು. ಅದರಲ್ಲಿ ಏಳು ಸಾಲು ಉಸ್ಮಾನ ಮಿಯಾನಿಗೆ. ಎರಡು ಸಾಲು ಬೀಜಕ್ಕೆ ಬಿಟ್ಟ ಸೋರೆಕಾಯಿಗೆ. ಒಂದು ಎತ್ತುಗಳಿಗೆ. ಕಟ್ಟಕಡೆಯ ಒಂದು, ಜಾಗ ಸಾಲದೆ ಅಂಚಿನಲ್ಲಿ ಬಾಗಿಕೊಂಡು ನಿಂತದ್ದು, ತಾಳಿ ಕಟ್ಟಿದ ಗಂಡನಿಗೆ: "ನೀವು ಹಿತ್ತಲದಾಗ ಕೈ ಹಾಕಬ್ಯಾಡ್ರಿ." ಅಹಹಾ! ಯಾವ ಕೈ? ನಾಟಕದ ರಂಗದ ಮೇಲೆ ಈ ಕೈ ಎದ್ದರೆ ಔರಾದದಿಂದ ಬಂಡಿ ಕಟ್ಟಿಕೊಂಡು ಬಂದ ಜನ ಬಾಯಲ್ಲಿಯ ಅಡಿಕೆ ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಈ ಕೈ ಏಳು ರಾಜ್ಯ ಗೆದ್ದಿದೆ, ಮೂರು ರಾಜಕುಮಾರಿಯರನ್ನು ಸೆರೆಯಿಂದ ಬಿಡಿಸಿದೆ. ಆ ಕೈಗೆ ಒಂದು ಬೆಂಡೆಕಾಯಿ ಮುರಿಯುವ ಅಧಿಕಾರವಿಲ್ಲ! ಮತ್ತೆ ಆ ಅಧಿಕಾರ ಯಾರಿಗೆ? ಎದುರು ಮನೆಯ ಕಲಾಯಿಗಾರ, ಈ ಮಿಯಾನಿಗೆ. ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿದು ಬೆಳ್ಳಗೆ ಮಾಡುವ, ಗಡ್ಡಕ್ಕೆ ಸದಾ ಮಸಿ ಹತ್ತಿದ, ತನಗೆಂದು ಒಂದು ಗೇಣು ಹಿತ್ತಲೂ ಇಲ್ಲದ ಮನುಷ್ಯನಿಗೆ. ನಿನ್ನ ತವರು ಮೆಹಕರದವನು ಎಂಬುದೇ ಅವನ ಕಿರೀಟ. ಅವನ ತಾಯಿ ಕಾಯಿಪಲ್ಯ ಬೆಳೆದು ಭಾಲ್ಕಿ ಸಂತೆಗೆ ಒಯ್ಯುತ್ತಿದ್ದಳು, ದಾರಿಯಲ್ಲಿ ನಿನಗೊಂದು ಎಳೆ ಸೌತೆಕಾಯಿ ಕೊಡುತ್ತಿದ್ದಳು, ಆದ್ದರಿಂದ ಅವನು ನಿನಗೆ ಅಣ್ಣ. ಆಗಲಿ. ಅಣ್ಣನಿಗೆ ಹಬ್ಬದ ದಿನ ಹೋಳಿಗೆ ಕೊಡು. ರಾಜ್ಯ ಕೊಡುತ್ತಾರೆಯೇ?

ಔರಾದದ ಬಸ್ ಸ್ಟ್ಯಾಂಡಿನಲ್ಲಿ ನೀನು ಮಾಡಿದ್ದನ್ನೂ ನಾನು ಮರೆತಿಲ್ಲ. ದೀಪಾವಳಿ ಕಳೆದ ವಾರ. ಟ್ರಂಕು ಮೇಲೇರಿಸಿದವನು ನಾನು, ಕಿಟಕಿಯ ಹತ್ತಿರ ಟವೆಲು ಹಾಕಿ ಜಾಗ ಹಿಡಿದವನು ನಾನು. ಬಸ್ಸು ಗುರ್ ಎಂದಾಗ ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಅಗಲುವ ಹೆಂಡತಿ ಏನೋ ಹೇಳುತ್ತಾಳೆ ಎಂದು ನಾನು ಎದೆ ಉಬ್ಬಿಸಿ ಮುಂದೆ ಬಂದೆ. ನಾನೂ ಒಂದು ಮಾತು ಕಟ್ಟಿ ಇಟ್ಟುಕೊಂಡಿದ್ದೆ. ನೀನು ನನ್ನ ಭುಜದ ಮೇಲಿಂದ ಹಿಂದೆ ನಿಂತ ಮಿಯಾನನ್ನು ನೋಡಿ ಅಂದೆ: "ಅಣ್ಣಾ, ಯಾವ ಕಾಯಿ ಯಾವಾಗ ಕೊಯ್ಬೇಕು ಅನ್ನೂದು ನೀವೇ ನೋಡ್ರಿ. ಹಸಿರು ಚಿಂದಿ ಕಟ್ಟಿದ್ದರ ಹತ್ರ ಇವರನ್ನ ಬಿಡಬ್ಯಾಡ್ರಿ." ಅವನು ಎದೆಯ ಮೇಲೆ ಕೈ ಇಟ್ಟು, "ಫಿಕರ್ ಮಾಡಬ್ಯಾಡ ತಂಗಿ, ನಾ ಇದ್ದೇನಿ" ಅಂದ. ಬಸ್ಸು ಹೊರಟಿತು. ನಾನು ಕಟ್ಟಿಟ್ಟ ಮಾತು ಧೂಳಿನೊಳಗೆ ನಿಂತಿತು. ಅಂಕ ಮುಗಿಯುವಾಗ ರಾಜನನ್ನು ಬಿಟ್ಟು ಬಾಗಿಲು ಕಾಯುವವನಿಗೆ ಚಪ್ಪಾಳೆ ಬಿದ್ದರೆ ಹೇಗಿರುತ್ತದೆ, ಹಾಗಿತ್ತು.

ನಿನಗೆ ಕಾರಣವಿದೆ, ಒಪ್ಪುತ್ತೇನೆ. ಆ ಗದೆಯ ವರ್ಷವನ್ನು ನೀನು ಮರೆಯುವುದಿಲ್ಲ. ಊರಿನ ನಾಟಕದಲ್ಲಿ ನಾನು ದಂಡನಾಯಕ. ಮರದ ಗದೆ ಬಿರುಕು ಬಿಟ್ಟಿತೆಂದು, ನೀನು ಕೊಟ್ಟಿಗೆಯ ಜಂತಿಗೆ ತೂಗಹಾಕಿದ್ದ ಒಣ ಸೋರೆಕಾಯಿಗೆ ಬಂಗಾರದ ಕಾಗದ ಸುತ್ತಿ, ಬಿದಿರಿನ ಹಿಡಿಕೆ ಕಟ್ಟಿ, ರಂಗಕ್ಕೆ ಒಯ್ದೆ. ಶತ್ರುವಿನ ಬೆನ್ನಿಗೆ ಒಂದೇ ಏಟು! ಗದೆ ಒಡೆದು ಬೀಜವೆಲ್ಲ ಚೆಲ್ಲಿ ಹೋದವು. ಸತ್ತು ಬಿದ್ದಿದ್ದ ಶತ್ರು ಎದ್ದು ಕೂತು ನಕ್ಕ. ಮರುದಿನ ಮುಂಜಾನೆ ನೀನು ಬುಟ್ಟಿ ಹಿಡಿದು ಹಲಗೆಗಳ ಸಂದಿನಿಂದ ಒಂದೊಂದೇ ಬೀಜ ಆರಿಸುತ್ತಿದ್ದೆ. ನಿನ್ನ ಅವ್ವ ಮೆಹಕರದಿಂದ ಸೆರಗಿನಲ್ಲಿ ಕಟ್ಟಿ ಕಳಿಸಿದ ತಳಿ. ಬುಡ ದಪ್ಪ, ಕುತ್ತಿಗೆ ಸಣ್ಣ, ಬೆಂದರೆ ಬೆಲ್ಲವಿಲ್ಲದೆ ಸಿಹಿ. ಆರಿಸುತ್ತಾ ನೀನು ತಲೆ ಎತ್ತದೆ, "ನಿಮಗ ಎಲ್ಲಾನೂ ನಾಟಕದ ಸಾಮಾನ" ಅಂದಿದ್ದೆ. ಅಂದಿನಿಂದ ಪ್ರತಿ ವರ್ಷ ಬೀಜಕ್ಕೆ ಬಿಟ್ಟ ಕಾಯಿಗೆ ಹಳೆ ಸೀರೆಯ ಹಸಿರು ಚಿಂದಿ ಕಟ್ಟುತ್ತೀ. ಓಣಿಯವರು ಅದು ಕೆಟ್ಟ ಕಣ್ಣಿಗೆ ಎಂದುಕೊಂಡಿದ್ದಾರೆ. ಅದು ನನಗೆ ಎಂದು ನನಗೆ ಗೊತ್ತು. ಎಳೆಗಾಯಿಗೆ ಬೆರಳು ಚಾಚಿ ತೋರಿಸಿದರೆ ಕೊಳೆಯುತ್ತದೆ, ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು ಎಂಬ ಕಾನೂನು ಊರಿಗೆಲ್ಲ ಇದೆ. ಆದರೆ "ಹಿತ್ತಲದಾಗ ಮಾತಾಡೂದಿದ್ರ ಕೈ ಕಟ್ಟಿಕೊಂಡು ಮಾತಾಡ್ರಿ" ಎಂದದ್ದು ನನಗೊಬ್ಬನಿಗೇ.

ಆದರೂ ಸುಂದರಾ, ದಿನಾ ಮುಂಜಾನೆ ಆ ಮನುಷ್ಯನನ್ನು ನೋಡುವುದು ಸುಲಭವಲ್ಲ. ಬಿಸಿಲು ಗೋಡೆ ಇಳಿಯುವ ಮೊದಲೇ ಬರುತ್ತಾನೆ. ಚಪ್ಪಲಿ ಹೊರಗೆ ಬಿಡುತ್ತಾನೆ, ಹಿತ್ತಲೇನು ದೇವಸ್ಥಾನವೇ? ಒಂದೊಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂಡುತ್ತಾನೆ. ಬೆಂಡೆಯ ತುದಿಯನ್ನು ಬೆರಳಲ್ಲಿ ಬಾಗಿಸುತ್ತಾನೆ. ಟಕ್ ಎಂದು ಮುರಿದರೆ ಬುಟ್ಟಿಗೆ, ಮುರಿಯದೆ ಬಾಗಿದರೆ "ಇದು ನಿನ್ನಿನ ಕಾಯಿ" ಎಂದು ಎತ್ತಿನ ಮುಂದೆ. ಬದನೆಗೆ ಹೆಬ್ಬೆರಳು ಒತ್ತುತ್ತಾನೆ. ಒತ್ತಿದ ಗುಳಿ ಪಟ್ಟನೆ ತುಂಬಿಕೊಂಡರೆ ಇನ್ನೂ ಕೂಸು, ನಿಧಾನಕ್ಕೆ ತುಂಬಿದರೆ ಇವತ್ತಿನ ಕಾಯಿ, ಹೊಳಪು ಹೋಗಿ ಕಂದಿದ್ದರೆ ಮುದುಕಿ. ಹೀರೆಕಾಯಿಯ ಏಣುಗಳಿಗೆ ಉಗುರು. ಸೋರೆಗೆ ಗೆಣ್ಣು. ಕೊಡದ ತಳ ಬಡಿದು ಎಲ್ಲಿ ಸವೆದಿದೆ ಎಂದು ಹೇಳುವ ಅದೇ ಗೆಣ್ಣಿನಿಂದ ಸೋರೆಕಾಯಿ ಬಡಿದು, ಕಣ್ಣು ಮುಚ್ಚಿ, ಕಿವಿಗೊಟ್ಟು ಕೇಳುತ್ತಾನೆ. ಪಕ್ಕದ ಮನೆಯ ಗುಂಡಮ್ಮ ಗೋಡೆಯಾಚೆಯಿಂದ, "ಮಿಯಾನ ಕೈಯಾಗ ಏನ್ ಜಾದೂ ಅದರೀ! ಬರಗಾಲದಾಗ ಭೀ ಬದನಿ ಬೆಣ್ಣಿ ಆಗ್ಯಾವ" ಅನ್ನುತ್ತಾಳೆ. ಬೆಣ್ಣೆ! ನನ್ನ ಮೈ ತೊಳೆದ ನೀರು ಕುಡಿದ ಬದನೆ, ಹೆಸರು ಮಿಯಾನಿಗೆ. ಕೊಯ್ದದ್ದನ್ನು ನೀನು ಹೇಳಿದ ಹಾಗೆ ಎರಡು ಮನೆಗೂ ಸಮ ಪಾಲು ಮಾಡುತ್ತಾನೆ, ಅದರಲ್ಲಿ ತಕರಾರಿಲ್ಲ. ಅವನ ಹೆಂಡತಿ ಮರಿಯಮಬೀ ಒಂದು ದಿನ ನನ್ನ ಮುಖ ನೋಡಿ, "ಮಲ್ಲಣ್ಣಾ, ನೀವ್ಯಾಕ ಉರೀಲತ್ತೀರಿ? ಉರಿಯೂದಿದ್ರ ನಾ ಉರೀಬೇಕು. ಮನ್ಯಾಗ ಒಂದು ಚಂಬು ಎತ್ತಿ ಇಡಲಾರದ ಮನಷ್ಯಾ ನಿಮ್ಮ ಹಿತ್ತಲದಾಗ ಮದುಮಗನಂಗ ಅಡ್ಡಾಡ್ತಾನ" ಅಂದಳು. ನಾನೂ ನಕ್ಕೆ. ಆಮೇಲೆ ಎತ್ತುಗಳ ನೆಪ ಹೇಳಿ ಅಲ್ಲಿಂದ ಸರಿದೆ.

ಈ ಕಲಾಯಿಗಾರನನ್ನು ಒಮ್ಮೆ ಸೋಲಿಸಿಯೇ ತೀರುತ್ತೇನೆ ಎಂದು ಸಂಕ್ರಾಂತಿಯ ಹೊತ್ತಿಗೆ ಪಣ ತೊಟ್ಟೆ. ಮೂರು ಬದನೆಗಳನ್ನು ಅವನು "ಇವತ್ತ ಕೊಯ್ಯೂಣ" ಎಂದಾಗ ನಾನು ಅಡ್ಡ ನಿಂತೆ. ಇನ್ನೂ ದೊಡ್ಡವಾಗಲಿ! ದೊಡ್ಡ ಪಾತ್ರ ದೊಡ್ಡದಾಗಿಯೇ ಕಾಣಬೇಕು! ಅವನು ಮುಂದಿನ ಗಿಡಕ್ಕೆ ಸರಿದ. ಹತ್ತು ದಿನ ಬಿಟ್ಟೆ. ಒಂದೊಂದು ಚಂಬಿನಷ್ಟಾದವು. ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಔರಾದ ಸಂತೆಗೆ ಹೋಗಿ, ಕಾಯಿಪಲ್ಯದ ಜಿಜಾಬಾಯಿಯ ಮುಂದೆ ಬಿಚ್ಚಿದೆ. ಅವಳು ಒಂದನ್ನು ಈಳಿಗೆಗೆ ಹಚ್ಚಿ ಎರಡು ಹೋಳು ಮಾಡಿ, ಸುತ್ತಲಿನವರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದಳು. "ಏನ್ರೀ ಯಜಮಾನ್ರ, ಬದನಿಕಾಯಿ ತಂದೀರೋ, ಅಂಜೂರ ತಂದೀರೋ? ಬರೇ ಬೀಜ! ಇದನ್ನ ಬಿತ್ಬೇಕು, ತಿನ್ನಬಾರ್ದು!" ಹಿಂದೆ ನಿಂತವನೊಬ್ಬ, "ವೇಷ ದೊಡ್ಡದು, ಒಳಗ ಬರೇ ಹೊಟ್ಟು" ಅಂದ. ಬದನೆಗೆ ಅಂದದ್ದು ಎಂದುಕೊಂಡು ನಡೆದು ಬಂದೆ. ಮಿಯಾನಿಗೆ ಸುದ್ದಿ ಮುಟ್ಟಿತ್ತು. ಆದರೂ ಮರುದಿನ ಬಂದು ಸುಮ್ಮನೆ ಬೆಂಡೆ ಮುರಿದ. ಒಂದು ಕುಹಕ ಆಡಿದ್ದರೆ ನಾನು ಎರಡು ಆಡಿ ಹಗುರಾಗುತ್ತಿದ್ದೆ. ತಡ ಮಾಡಿ ಕೆಟ್ಟೆ, ಇನ್ನು ಮೇಲೆ ತಡ ಮಾಡಬಾರದು: ಆ ಸಂತೆಯಿಂದ ನಾನು ಕಲಿತದ್ದು ಇಷ್ಟೇ. ಇದು ನೆನಪಿರಲಿ, ಮುಂದಿನ ಅನರ್ಥಕ್ಕೆ ಇದೇ ಮೂಲ.

ಫೆಬ್ರುವರಿಯಲ್ಲಿ ಮಿಯಾ ಒಂದು ತಿಂಗಳ ಮಟ್ಟಿಗೆ ಬೀದರಿಗೆ ಹೊರಟ. ಮದುವೆಯ ಕಾಲ, ಅಲ್ಲಿ ದೊಡ್ಡ ದೊಡ್ಡ ಹಂಡೆಗಳಿಗೆ ಕಲಾಯಿ ಆಗಬೇಕು. ಹೋಗುವ ಮುಂಜಾನೆ, ಬಳ್ಳಿ ಹಬ್ಬಿದ ಕೊಟ್ಟಿಗೆಯ ಮೇಲೆ ಹತ್ತಿ ನಿನ್ನ ಹಸಿರು ಚಿಂದಿಯ ಕಾಯಿ ಬಡಿದು ಕೇಳಿದ. "ಧ್ವನಿ ಇನ್ನೂ ಹಸಿ ಅದ ಮಲ್ಲಣ್ಣಾ. ತೊಟ್ಟು ಒಣಗಬೇಕು, ಸಿಪ್ಪಿ ಒಣಗಿದ ಜ್ವಾಳದ ಕಣಕಿ ಬಣ್ಣ ಆಗಬೇಕು, ಅಲ್ಲಾಡಿಸಿದ್ರ ಒಳಗ ಬೀಜ ಗಿಲಕಿಯಂಗ ಸಪ್ಪಳ ಮಾಡಬೇಕು. ನಾ ಬರೂತನಕ ಏನೂ ಮಾಡಬ್ಯಾಡ್ರಿ. ಏನೂ ಮಾಡದ ಇರೂದೇ ಈಗ ಕೆಲಸ." ಏನೂ ಮಾಡದೆ ಇರುವುದು! ಜೀವಮಾನದಲ್ಲಿ ಯಾರೂ ನನಗೆ ಅಂಥ ಪಾತ್ರ ಕೊಟ್ಟಿರಲಿಲ್ಲ. ಅವನು ಹೋದ ಮರುದಿನವೇ ಅಂಚೆಯ ಹಬೀಬ ನಿನ್ನ ಹನ್ನೊಂದು ಸಾಲು ತಂದುಕೊಟ್ಟ. ಓದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಗೋಡೆಯ ಮೇಲೆ ಗುಂಡಮ್ಮನ ತಲೆ: "ಪಾಪ, ಮಿಯಾ ಊರಾಗಿಲ್ಲ, ಇನ್ನ ನಿಮ್ಮ ಬಳ್ಳಿ ಯಾರು ನೋಡ್ತಾರೋ!" ಅಂದಳು. ಯಾರಿಗೆ? ಬಳ್ಳಿಯ ಯಜಮಾನನಿಗೆ! ಎದುರಿಗೆ ನಿಂತವನಿಗೆ!

ಅದೇ ಹೊತ್ತಿಗೆ ಕುಡುಗೋಲು ಹಿಡಿದು ಕೊಟ್ಟಿಗೆ ಹತ್ತಿದೆ. ಎಡಗಾಲು ಮುಂದೆ, ಎದೆ ಎತ್ತಿ, ಬಲಗೈ ಪೂರಾ ಚಾಚಿ, ಹೌದು ಸುಂದರಾ, ಬೆರಳು ಪೂರಾ ಚಾಚಿ, ಆ ಕಾಯಿಗೆ ಅಂದೆ: "ಎಲೈ ಕಾಯಿಯೇ! ನಿನ್ನ ಕಾಲ ಬಂತೆಂದು ಹೇಳಲು ಈ ಮನೆಯಲ್ಲಿ ಗಂಡಸು ಬೇರೆ ಬೇಕೇ? ಇದೋ!" ಒಂದೇ ಏಟು. ತೊಟ್ಟಿನಿಂದ ನೀರು ತೊಟ್ಟಿಕ್ಕಿತು. ಹಸಿರು ತೊಟ್ಟು. ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಳಗೆ ಸಪ್ಪಳವಿಲ್ಲ. ಒಣಗಿದರೆ ಬರುತ್ತದೆ ಎಂದುಕೊಂಡೆ. ಚಿಂದಿ ಸಮೇತ ಜಂತಿಗೆ ತೂಗಹಾಕಿ, ಮಿಯಾ ಬಂದ ದಿನ ಏನು ಹೇಳಬೇಕೆಂದು ಮಾತು ಕೂಡ ಕಟ್ಟಿಟ್ಟೆ. ಒಂಬತ್ತನೆಯ ದಿನ ಬುಡ ಮೆತ್ತಗಾಯಿತು, ಕೆಳಗೆ ನೆಲದ ಮೇಲೆ ಹಳದಿ ಹನಿ ಬಿದ್ದಿತ್ತು, ನೊಣ ಕೂತಿದ್ದವು. ಹೆಚ್ಚಿ ನೋಡಿದೆ. ಬೀಜಗಳು ಬೆಳ್ಳಗೆ, ತೆಳ್ಳಗೆ, ನಮ್ಮ ಮೊಮ್ಮಗನ ಉಗುರಿನ ಹಾಗಿದ್ದವು. ತಟ್ಟೆಯ ನೀರಿಗೆ ಹಾಕಿದೆ. ಒಂದಾದರೂ ಮುಳುಗಲಿ ಎಂದು ಸಂಜೆಯವರೆಗೆ ಕಾದೆ. ಎಲ್ಲವೂ ತೇಲಿದವು. ಬಳ್ಳಿಯಲ್ಲಿ ಬೇರೆ ಕಾಯಿ ಇಲ್ಲ; ಇದ್ದವನ್ನು ಚಳಿಗಾಲದಲ್ಲೇ ತಿಂದು ಮುಗಿಸಿದ್ದೆವು. ನೀನು ಬೀಜ ಇಡುವ ಗಡಿಗೆಗಳನ್ನೆಲ್ಲ ತೆಗೆದು ನೋಡಿದೆ. ಕೊತ್ತಂಬರಿ ಇದೆ, ಪುಂಡಿ ಇದೆ, ಅವರೆ ಇದೆ. ನಿನ್ನ ಅವ್ವನ ಸೋರೆ ಒಂದೂ ಇಲ್ಲ.

ಶಿವರಾತ್ರಿ ಕಳೆದ ಮೇಲೆ, ಎತ್ತುಗಳನ್ನು ಗುಂಡಮ್ಮನಿಗೆ ಒಪ್ಪಿಸಿ, ಭಾಲ್ಕಿಗೆ ಬಸ್ಸು ಹಿಡಿದು ಅಲ್ಲಿಂದ ಮೆಹಕರಕ್ಕೆ ಹೋದೆ. ಬೀಗರ ಯೋಗಕ್ಷೇಮ ಕೇಳಲು ಬಂದೆ ಎಂದೆ. ನಿನ್ನ ತಮ್ಮ ಶಿವರಾಜಪ್ಪನ ಹಿತ್ತಲಲ್ಲಿ ಹಂದರದ ಬರೀ ಕೋಲುಗಳು ನಿಂತಿದ್ದವು. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮಾತಿನ ನಡುವೆ ಸೋರೆಯ ಬೀಜ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: "ಭಾವಾ, ಈ ಸಲ ಬಾವಿ ತಳ ಕಂಡಿತು. ಬೀಜಕ್ಕ ಬಿಟ್ಟ ಕಾಯಿನೂ ಕೊಯ್ದು ಉಂಡಿವಿ. ಅವ್ವನ ತಳಿ ಅಕ್ಕನ ಹಿತ್ತಲದಾಗ ಅದ ಅನ್ನೂ ಧೈರ್ಯದ ಮ್ಯಾಲ ಕೊಯ್ದಿವಿ. ಮಳಿಗಾಲಕ್ಕ ಐದು ಬೀಜ ಕಳಸ್ರಿ." ನಾನು ಏನು ಮಾಡಿದೆ ಗೊತ್ತೇ? ಕೈ ಎತ್ತಿ, ಸಿಂಹಾಸನದ ಧ್ವನಿಯಲ್ಲಿ, "ಐದೇಕೆ? ಹತ್ತು ಕಳಿಸುತ್ತೇನೆ!" ಅಂದೆ. ಅವನ ಮುಖ ಅರಳಿತು. ನಾನು ಕೈ ತೊಳೆದುಕೊಂಡು ಬಸ್ಸಿನ ಹೊತ್ತು ಕೇಳಿದೆ.

ತಿರುಗಿ ಭಾಲ್ಕಿಗೆ ಬಂದರೆ ಎರಡು ಬಸ್ಸು ನಿಂತಿದ್ದವು. ಒಂದು ಔರಾದಕ್ಕೆ, ಒಂದು ಬೀದರಿಗೆ. ಔರಾದದ ಬಸ್ಸು ಹತ್ತಿದರೆ ಮನೆಗೆ ಹೋಗಿ, ಮಂಗ ಬಂದು ಕಾಯಿ ಕಿತ್ತಿತು ಎಂದು ನಿನಗೆ ಬರೆಯಬಹುದಿತ್ತು. ಮಂಗ ಎಲ್ಲಿಂದ ಬಂತು, ಯಾವ ಗೋಡೆ ಹಾರಿತು, ಎಲ್ಲ ಸಿದ್ಧವಿತ್ತು. ನಿನ್ನ ತಮ್ಮನ ಅರಳಿದ ಮುಖ ಕಣ್ಣಿನಿಂದ ಹೋಗಲಿಲ್ಲ. ಬೀದರಿನ ಬಸ್ಸು ಹತ್ತಿದೆ. ಅಲ್ಲಿದ್ದ ಮಿಯಾನಿಗಾದರೂ ಈ ತಳಿ ಉಳಿದಿರುವ ಮೆಹಕರದ ಬೇರೆ ಮನೆ ಗೊತ್ತಿರಬಹುದು ಎಂದುಕೊಂಡೆ. ಚೌಬಾರಾ ಗೋಪುರದ ಹತ್ತಿರ ಒಂದು ಮದುವೆ ಮನೆಯ ಅಂಗಳದಲ್ಲಿ ಮಿಯಾ ತಿದಿ ಒತ್ತುತ್ತಾ ಕೂತಿದ್ದ, ಸುತ್ತಲೂ ಹಂಡೆಗಳು. ನನ್ನನ್ನು ನೋಡಿ, "ಅರೇ ಮಲ್ಲಣ್ಣಾ, ಇಷ್ಟು ದೂರ?" ಅಂದ. ಬಸ್ಸಿನುದ್ದಕ್ಕೂ ಕಟ್ಟಿದ ಮಾತುಗಳಿದ್ದವು. ಬಾಯಿಗೆ ಬಂದದ್ದು ಇಷ್ಟೇ, ಅದೂ ಮುಂದಿನ ಸಾಲಿನವರಿಗೂ ಕೇಳಿಸದ ಧ್ವನಿಯಲ್ಲಿ: "ಕಾಯಿ ನಾನೇ ಕೊಯ್ದೆ, ಮಿಯಾ. ಹಸಿ ಇದ್ದಾಗಲೇ ಕೊಯ್ದೆ."

ಅವನು ಕೈಯ ಮಸಿ ಒರೆಸಿಕೊಂಡು ತನ್ನ ಸಾಮಾನಿನ ಚೀಲ ಎಳೆದ. ಕಲಾಯಿಗೆ ಬೇಕಾದ ನವಸಾಗರದ ಪುಡಿ ಇಡುವ ಡಬ್ಬಿಯ ಕೆಳಗಿಂದ ಒಂದು ಸಣ್ಣ ಗಂಟು ತೆಗೆದ. ಹಸಿರು ಚಿಂದಿ, ಅದೇ ಸೀರೆಯದು. ಬಿಚ್ಚಿದರೆ ಐದು ಬೀಜ. ದಪ್ಪ, ಕಂದು, ಬೀಜವೆಂದರೆ ಬೀಜ. "ತಂಗಿ ಹೋಗೂ ಹಿಂದಿನ ದಿನ ಕೊಟ್ಟಿದ್ಲು" ಎಂದು ನಿನ್ನ ಮಾತನ್ನು ನಿನ್ನದೇ ಧ್ವನಿಯಲ್ಲಿ ಹೇಳಿದ: "ಅಣ್ಣಾ, ಎಷ್ಟು ಕಾದ್ರೂ ಇವರು ಕೊಯ್ದೇ ಕೊಯ್ತಾರ. ಕೊಯ್ದು ತಾವಾಗಿ ಬಂದು ತಮ್ಮ ಬಾಯಿಲೆ ಹೇಳಿದ್ರ ಇವು ಅವರ ಕೈಯಾಗ ಕೊಡ್ರಿ. ಮುಚ್ಚಿಟ್ರ ಕೊಡಬ್ಯಾಡ್ರಿ, ಮಳಿ ಬಿದ್ದ ಮ್ಯಾಲ ನೀವೇ ಊರ್ರಿ." ಆಮೇಲೆ ಮಿಯಾ, "ಮಂಗ್ಯಾ ಕಿತ್ತಿತು ಅಂದಿದ್ರ ನಾ ಈ ಗಂಟು ತೆಗೀತಿರ್ಲಿಲ್ಲ ನೋಡ್ರಿ" ಅಂದ. ಮಂಗದ ಮಾತು ನಾನು ಯಾರಿಗೂ ಆಡಿರಲಿಲ್ಲ! ಅಷ್ಟಕ್ಕೆ ಬಿಡಲಿಲ್ಲ. ಗೆಣ್ಣು ಮಡಚಿ ನನ್ನ ಎದೆಯ ಮೇಲೆ ಎರಡು ಸಲ ಬಡಿದು, ಕಣ್ಣು ಮುಚ್ಚಿ ಕೇಳಿ, "ಈಗ ತೊಟ್ಟು ಒಣಗ್ಯದ" ಎಂದು ಆ ಅಂಗಳವೆಲ್ಲ ಕೇಳುವ ಹಾಗೆ ನಕ್ಕ. ಹಂಡೆ ತಿಕ್ಕುತ್ತಿದ್ದವರೂ ನಕ್ಕರು. ಶಾಂತಾ, ಇಲ್ಲಿ ನೀನೂ ನಗುತ್ತಿದ್ದೀ, ನನಗೆ ಗೊತ್ತು. ನಕ್ಕುಬಿಡು.

ಆದರೆ ಸುಂದರಾ, ನನ್ನ ಹೊಟ್ಟೆ ತಣ್ಣಗಾಯಿತು ಎಂದು ತಿಳಿಯಬೇಡ. ಮೊದಲಿಗಿಂತ ಹೆಚ್ಚು ಉರಿಯುತ್ತಿದೆ. ನಾಲ್ಕು ತಿಂಗಳು ನಿನ್ನ ಅವ್ವನ ಬೀಜ ಅವನ ಚೀಲದಲ್ಲಿ ಊರೂರು ತಿರುಗಿದೆ. ನಾನು ಅದೇ ಹಿತ್ತಲಲ್ಲಿ ಕಾವಲಿಗೆ ನಿಂತಿದ್ದೆ. ಬೆಂಡೆ ಯಾವಾಗ ಮುರಿಯಬೇಕು ಎಂದು ನೀನು ಅವನಿಗೆ ಹೇಳಿದೆ, ನಾನು ಸಹಿಸಿದೆ. ನಾನು ಯಾವಾಗ ತಪ್ಪುತ್ತೇನೆ, ಯಾವಾಗ ಒಪ್ಪುತ್ತೇನೆ ಎಂಬುದನ್ನೂ ನನಗಿಂತ ಮೊದಲು ಅವನಿಗೆ ಹೇಳಿಬಿಟ್ಟೆಯಲ್ಲ! ಮೂವತ್ತು ವರ್ಷ ನೀನು ನನ್ನ ಮೇಲೂ ಗೆಣ್ಣು ಬಡಿದು ಕೇಳುತ್ತಿದ್ದೆಯೆಂದು ನನಗೆ ತಿಳಿದೇ ಇರಲಿಲ್ಲ. ಒಂದು ಸಲವಾದರೂ ನನ್ನ ಎದುರಿಗೇ ಹೇಳಬಾರದಿತ್ತೇ? ನೀನು ಹೇಳಿದ್ದರೆ ನಾನು ಕೇಳುತ್ತಿದ್ದೆನೇ ಎಂದು ನೀನು ಈಗ ಅಲ್ಲಿ ಕೂತು ಅನ್ನುತ್ತಿದ್ದೀ. ಮಿಯಾ ಮೊನ್ನೆ ಊರಿಗೆ ಬಂದ. ಎರಡು ಬೀಜ ಈಗಲೇ ಪಾತ್ರೆ ತೊಳೆದ ನೀರು ಬೀಳುವ ಜಾಗದಲ್ಲಿ ಊರಬೇಕು, ಮೂರು ಮಳೆಗಾಲಕ್ಕೆ ಇರಲಿ ಎಂದು ಅವನ ಸಲಹೆ. ಮೂರನ್ನು ಅದೇ ಚಿಂದಿಯಲ್ಲಿ ಕಟ್ಟಿ ದೇವರ ಜಗುಲಿಯಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದೇನೆ. ಅವುಗಳ ಮೊದಲ ಬೀಜ ಮೆಹಕರಕ್ಕೆ, ಮಾತು ಕೊಟ್ಟ ಹಾಗೆ ಹತ್ತು. ಮಿಕ್ಕ ಎರಡನ್ನು ನನ್ನ ಸ್ವಂತ ಹಸ್ತದಿಂದ ಭೂಮಿಗೆ ಒಪ್ಪಿಸುತ್ತೇನೆ. ಮಿಯಾ ಬೆರಳು ಮುಟ್ಟಕೂಡದು ಎಂದು ಓಣಿಯೆಲ್ಲ ಕೇಳುವಂತೆ ಸಾರಿದ್ದೇನೆ. ಅವನು "ಜರೂರ್, ಜರೂರ್" ಎಂದು ಚಹಾ ಕುಡಿದು ಹೋದ.

ಬಸಲಿಂಗನಿಗೆ ಎತ್ತರದ ಮೇಲೆ ಕೆಲಸ ಮಾಡುವಾಗ ಕಾಲ ಕೆಳಗೆ ನೋಡಿ ಹೆಜ್ಜೆ ಇಡಲು ಹೇಳು. ಶಾಂತಾಳಿಗೂ ಮೊಮ್ಮಗನಿಗೂ ಈ ಮುದುಕನ ತುಂಬು ಹರಕೆ. ಗುಂಡಮ್ಮ, ಮರಿಯಮಬೀ ನಿನ್ನನ್ನು ಕೇಳಿದ್ದಾರೆ. ಮಿಯಾನೂ ಕೇಳಿದ್ದಾನೆ, ಅವನದನ್ನು ಕೊನೆಗೆ ಬರೆದಿದ್ದೇನೆ, ಅಂಚಿನಲ್ಲಿ. ಬಸವಣ್ಣ ನಿಮ್ಮೆಲ್ಲರನ್ನೂ ನೆರಳಿನಲ್ಲಿ ಇಡಲಿ.

ನಿನ್ನವನೇ ಆದ,
ಮಲ್ಲಿಕಾರ್ಜುನಪ್ಪ

ತಾ.ಕ.: ಹಬೀಬ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು "ಬೇಗ ಮುಗಸ್ರಿ ಕಾಕಾ" ಅನ್ನುತ್ತಿದ್ದಾನೆ, ಆದ್ದರಿಂದ ನಿಜ ಹೇಳಿಬಿಡುತ್ತೇನೆ. ಆ ಎರಡು ಬೀಜ ಇನ್ನೂ ಊರಿಲ್ಲ. ಮೂರು ದಿನದಿಂದ ಮುಂಜಾನೆ ಅಂಗೈಯಲ್ಲಿ ಹಿಡಿದು ಹಿತ್ತಲಿಗೆ ಹೋಗಿ, ನಿಂತು, ಒಳಗೆ ಬರುತ್ತಿದ್ದೇನೆ. ಎಷ್ಟು ಬೆರಳು ಆಳ? ಮೊದಲು ನೆನೆಸಬೇಕೋ? ಚೂಪು ತುದಿ ಕೆಳಗೋ, ಮೇಲೋ? ಮೂವತ್ತು ವರ್ಷ ಆ ಕಾಯಿ ಉಂಡೆ, ಒಂದು ಸಲವೂ ನಿನ್ನನ್ನು ಕೇಳಲಿಲ್ಲ. ಮಿಯಾನನ್ನು ಕೇಳಿದರೆ ಈಗಲೇ ಹೇಳುತ್ತಾನೆ. ಕೇಳುವುದಿಲ್ಲ. ನೀನು ಹೇಳು. ಹನ್ನೊಂದೂ ಸಾಲು ನನ್ನ ಹೆಸರಿಗೇ ಬರೆಸು. ಕಾಯಿ ಕಟ್ಟಿದ ಮೇಲೆ ಚಿಂದಿ ಕಟ್ಟಲು ನೀನೇ ಬಾ. ಅಲ್ಲಿಯವರೆಗೆ ಬೆರಳು ಮಡಚಿಕೊಂಡಿರುತ್ತೇನೆ.